ಬಣ್ಣಕ್ಕೂ ತೂಕ ಇರುತ್ತದೆ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎರಡು ವರ್ಷದಿಂದ ಭಾನುವಾರ ಬಂದರೆ ಪರಿಚಯದ ಹಿರಿಯರೊಬ್ಬರ ಶೆಡ್‌ಗೆ ಹೋಗುತ್ತೇನೆ. ನಿವೃತ್ತರಾದ ಮೇಲೆ ಅವರು ಅಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾರೆ. ಮನೆಯಲ್ಲಿ ವಿಮಾನವಾ ಅಂತ ನಗಬೇಡಿ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲೇ ಕಟ್ಟಿಕೊಳ್ಳುವವರಿಗಾಗಿ ರೂಪಿಸಿದ ಲಾಂಗ್-ಈಝೀ ವಿಮಾನವನ್ನು ಆಧರಿಸಿ ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯೇ 1987ರಲ್ಲಿ ಒಂದು ಪುಟ್ಟ ವಿಮಾನ ಹಾರಿಸಿತ್ತು.

ಕಳೆದ ತಿಂಗಳು ನಮ್ಮ ಏಲಿರಾನ್‌ಗಳಿಗೆ ಬಣ್ಣ ಆಯಿತು. ಏಲಿರಾನ್ ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೀಲಿನ ಮೇಲೆ ಏರಿಳಿಯುವ ಪಟ್ಟಿ. ಹಿರಿಯರಿಗೆ ಅವತ್ತೇ ಜೋಡಿಸುವ ಆತುರ. "ಒಂದು ಕೋಟ್ ಬಣ್ಣ ಎಷ್ಟು ತೂಗುತ್ತಪ್ಪ?" ಅಂದರು. "ತೂಕ ನೋಡದೆ ಬೇಡ ಸರ್" ಅಂದೆ. ಅರ್ಧ ಗಂಟೆ ಮಾತು ಬಿಟ್ಟರು.

ನನ್ನ ಹಟಕ್ಕೆ ಕಾರಣವಿತ್ತು. ಗಾಳಿಯ ಹೊಡೆತಕ್ಕೆ ರೆಕ್ಕೆ ಮೇಲಕ್ಕೆ ಚಿಮ್ಮಿದಾಗ, ಕೀಲಿನ ಹಿಂದೆ ಭಾರ ಹೆಚ್ಚಿರುವ ಏಲಿರಾನ್ ಜೊತೆಗೆ ಏಳದೆ ಕೆಳಕ್ಕೆ ಬಾಗುತ್ತದೆ. ಹಾಗೆ ಬಾಗಿದ್ದೇ ರೆಕ್ಕೆಯನ್ನು ಇನ್ನಷ್ಟು ಮೇಲೆತ್ತುತ್ತದೆ. ವಾಪಸ್ ಬರುವಾಗ ಇದೇ ಉಲ್ಟಾ. ವೇಗ ಒಂದು ಮಿತಿ ದಾಟಿದರೆ ಈ ಅದುರು ತಾನಾಗಿಯೇ ಬೆಳೆದು, ಕೆಲವೇ ಕ್ಷಣದಲ್ಲಿ ರೆಕ್ಕೆ ಮುರಿಯಬಹುದು. ಇದಕ್ಕೆ ಫ್ಲಟರ್ ಅಂತಾರೆ. ಕೀಲಿನ ಮುಂದೆ ಭಾರ ಇಟ್ಟು ಇದನ್ನು ತಡೆಯಬಹುದು ಅಂತ ಡಚ್ ಎಂಜಿನಿಯರುಗಳಾದ ಬೌಮ್‌ಹೌವರ್ ಮತ್ತು ಕೋನಿಂಗ್ 1920ರ ದಶಕದಲ್ಲೇ ತೋರಿಸಿದ್ದರು.

ಭೂಸನೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಸಕ್ಕರೆ ಕಾರ್ಖಾನೆಗೆ ವರ್ಷಗಟ್ಟಲೆ ಕಬ್ಬು ಹೇರಿದವರು, ತಕ್ಷಣ ಹಿಡಿದರು. "ಬಂಡಿ ಹಿಂಭಾರ ಆದ್ರ ನೊಗ ಮ್ಯಾಲ ಏಳ್ತದಲ್ಲ, ಹಂಗೇ ಅಲ್ಲೇನು? ಮುಂದ ಒಂದು ಕಲ್ಲು ಇಡ್ರಿ." ಕಲ್ಲಲ್ಲ ಅಪ್ಪ, ಸೀಸ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನೂ ಕೂಡಾಂವ ಏನು ಅದರಾಗ?" ಅಂದರು. ಅಮ್ಮನಿಗೆ ಹೇಳಬೇಡ ಅಂದೆ.

ಲೆಕ್ಕ ತಕ್ಕಡಿಯದೇ. ಕೀಲಿನ ಹಿಂದೆ 20 ಸೆಂಟಿಮೀಟರ್ ದೂರದಲ್ಲಿ ಬರೀ 100 ಗ್ರಾಂ ಬಣ್ಣ ಸೇರಿದರೂ, ಮುಂದೆ 5 ಸೆಂಟಿಮೀಟರಿನಲ್ಲಿ 400 ಗ್ರಾಂ ಬೇಕು. ಮೂತಿಯ ಕಡೆ ಜಾಗವೇ ಕಡಿಮೆ, ಅದಕ್ಕೇ ಸೀಸ.

ಬಲಗಡೆಯ ಏಲಿರಾನನ್ನು ಕೀಲಿನ ಗೆರೆಯಲ್ಲಿ ಎರಡು ಚೂಪು ಅಂಚುಗಳ ಮೇಲೆ ಕೂರಿಸಿದೆವು. ಬಣ್ಣಕ್ಕೆ ಮೊದಲು ಮಟ್ಟಸವಾಗಿ ನಿಲ್ಲುತ್ತಿದ್ದದ್ದು ಈಗ ಹಿಂದಕ್ಕೆ ಜಗ್ಗಿತು. ಹಿರಿಯರು ಏನೂ ಹೇಳದೆ ಸೀಸದ ಡಬ್ಬಿ ತಂದಿಟ್ಟರು. ಸ್ವಲ್ಪ ಸ್ವಲ್ಪ ಸೇರಿಸುತ್ತ ಮಟ್ಟಕ್ಕೆ ತರುವಷ್ಟರಲ್ಲಿ ಕತ್ತಲಾಯಿತು. ಎಡಗಡೆಯದು ಈ ಭಾನುವಾರಕ್ಕೆ ಇದೆ.