ಏಳಿಗೆ ಅಂದರೆ ಏಳೋದು

ಕಳೆದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಸಂಘದವರು ಒಂದು ಪುಟ್ಟ ಪದಕೋಶ ಮಾಡೋಣ ಅಂತ ಹೊರಟಿದ್ದು ನಿಮಗೆ ನೆನಪಿರಬಹುದು. ಕ್ಲಾಸಿನಲ್ಲಿ ದಿನಾ ಕೇಳುವ ಇಂಗ್ಲಿಷ್ ಪದಗಳಿಗೆ ಕನ್ನಡದ್ದು ಹುಡುಕುವ ಕೆಲಸ. ನನ್ನ ಪಾಲಿಗೆ ಬಂದಿದ್ದು ‘ಗ್ರ್ಯಾಜುಯಲ್ ಗ್ರೋತ್’. ‘ಕ್ರಮೇಣ ಅಭಿವೃದ್ಧಿ’ ಅಂತ ಬರೆದು ಐದು ನಿಮಿಷಕ್ಕೆ ಮುಗಿಸಿದೆ. ದೀಪಾವಳಿಗೆ ಹೊಸನಗರದ ಮನೆಗೆ ಹೋದಾಗ ಅದನ್ನೇ ದೊಡ್ಡ ಸಾಧನೆ ಅನ್ನೋ ಹಾಗೆ ಅಜ್ಜನಿಗೆ ಹೇಳಿದೆ.

“ಅಭಿವೃದ್ಧಿ ಬೇಡ ಮಾರಾಯ, ಬೇರೆ ಎಂಥದಾದ್ರೂ ಹಾಕು” ಅಂದರು.

ಕಾರಣ ಕೇಳಬೇಕಾಗಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ ದಾಟಿ ಸಾಗರಕ್ಕೆ ಬರುತ್ತಾಳೆ. ಅಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಜ್ಜನಿಗೆ ಹತ್ತು ವರ್ಷ. ಅವರು ಹುಟ್ಟಿದ ಮನೆ, ತೋಟ ಎಲ್ಲಾ ಈಗ ನೀರಿನ ಅಡಿಯಲ್ಲಿ. ಆ ನೀರಿನಿಂದ ಆದ ಕರೆಂಟಲ್ಲೇ ನಾವೆಲ್ಲ ಓದಿದ್ದು, ಅದೂ ನಿಜ. ಅಜ್ಜ ಯಾರನ್ನೂ ಬೈಯೋದಿಲ್ಲ. ಆದರೆ ನಮ್ಮ ಕಡೆ ಆ ಕಾಲಕ್ಕೆ ಇರುವ ಹೆಸರು ಒಂದೇ: ‘ಮುಳುಗಡೆ’.

ಹಾಗಾಗಿ ಮತ್ತೆ ಹುಡುಕಿದೆ. ‘ಕ್ರಮ’ ಅಂದರೆ ಸಂಸ್ಕೃತದಲ್ಲಿ ಹೆಜ್ಜೆ; ‘ಕ್ರಮೇಣ’ ಅಂದರೆ ಹೆಜ್ಜೆ ಹೆಜ್ಜೆಯಾಗಿ. ‘ವಿಕಾಸ’ ಅಂದರೆ ಅರಳೋದು. ‘ಅಭಿವೃದ್ಧಿ’ಯೊಳಗಿನ ‘ವೃದ್ಧಿ’ಗೂ ‘ವೃದ್ಧ’ನಿಗೂ ಧಾತು ಒಂದೇ, ಎರಡರಲ್ಲೂ ಇರೋದು ಬೆಳೆಯೋದೇ. ಇದನ್ನು ಹೇಳಿದರೆ ಅಜ್ಜ, “ಹಾಗಾದ್ರೆ ನಾನೂ ಅಭಿವೃದ್ಧಿ ಆದವನೇ ಬಿಡು” ಅಂತ ನಕ್ಕರು.

ಕನ್ನಡದ್ದೇ ಆದ ಪದಗಳೂ ಸಿಕ್ಕವು. ಬರೆ–ಬರವಣಿಗೆ, ಮೆರೆ–ಮೆರವಣಿಗೆ, ಹಾಗೇ ಬೆಳೆ–ಬೆಳವಣಿಗೆ. ಅಡು–ಅಡುಗೆ, ಹಾಸು–ಹಾಸಿಗೆ, ಹಾಗೇ ಏಳು–ಏಳಿಗೆ. ಹಳಗನ್ನಡದಲ್ಲಿ ಇದು ‘ಏೞ್’. ನಾವು ಕಳೆದುಕೊಂಡ ಆ ೞ ತಮಿಳು, ಮಲಯಾಳದಲ್ಲಿ ಇನ್ನೂ ಉಳಿದಿದೆ. ಉಗುರು, ಕೂದಲಿಗೆ ಬೆಳವಣಿಗೆ ಇದೆ. ಬೆಲೆಗೆ ಏರಿಕೆ ಇದೆ. ಏಳಿಗೆ ಮಾತ್ರ ಮನುಷ್ಯರಿಗೆ, ಮನೆತನಕ್ಕೆ, ಊರಿಗೆ. ಒಂದೇ ದಿನದಲ್ಲಿ ಆಗಿದ್ದನ್ನ ಯಾರೂ ಏಳಿಗೆ ಅನ್ನೋದಿಲ್ಲ. ಇನ್ನೊಂದು ವಿಷಯ: ಏಳಬೇಕಾದರೆ ಮೊದಲು ಕೂತಿರಬೇಕು, ಇಲ್ಲವೇ ಬಿದ್ದಿರಬೇಕು.

ಈಗ ನಿಜ ಹೇಳುತ್ತೇನೆ. ಆ ಹೊತ್ತಿಗೆ ನಾನು ಬಿದ್ದಿದ್ದೆ. ಎರಡನೇ ಸೆಮಿಸ್ಟರಿನ ಗಣಿತ ಹೋಗಿತ್ತು, ಮನೆಯಲ್ಲಿ ಹೇಳಿರಲಿಲ್ಲ. ಜೊತೆಯವರು ಹ್ಯಾಕಥಾನ್, ಇಂಟರ್ನ್‌ಶಿಪ್ ಅಂತ ಓಡುತ್ತಿದ್ದರು. ನಾನು ಅದೇ ಇಂಟಿಗ್ರೇಷನ್ ಹಿಡಿದು ಕೂತಿದ್ದೆ.

ಮಾರನೇ ದಿನ ಅಜ್ಜನ ಹಿಂದೆ ತೋಟಕ್ಕೆ ಹೋದೆ. ಬೀಜಕ್ಕೆ ಗೊನೆ ಬಿಡಲು ಮರ ನೋಡುತ್ತಿದ್ದರು. ಅಡಿಕೆ ಮರದಿಂದ ಒಂದೊಂದು ಹಾಳೆ ಬಿದ್ದಾಗಲೂ ಕಾಂಡದ ಮೇಲೆ ಒಂದು ಉಂಗುರ ಉಳಿಯುತ್ತದೆ. ಸರಸರ ಎತ್ತರಕ್ಕೆ ಹೋದ ಒಂದು ಮರ ತೋರಿಸಿ “ಇದು ಚೆನ್ನಾಗಿದೆಯಲ್ಲ” ಅಂದೆ.

“ಅದು ಬೇಡ. ಗೆಣ್ಣು ದೂರ ದೂರ ಉಂಟು. ಒತ್ತೊತ್ತಾಗಿ ಗೆಣ್ಣು ಬಂದ ಮರದ್ದೇ ಬೀಜಕ್ಕೆ ಬೇಕು.”

ಸಸಿ ನೆಟ್ಟು ಐದಾರು ವರ್ಷ ಕಾಯಬೇಕು, ಬಿಸಿಲು ಬಡಿಯದ ಹಾಗೆ ಬಾಳೆಯ ನೆರಳು ಕೊಡಬೇಕು. ಮುಳುಗಡೆ ಆಗಿ ಇಲ್ಲಿಗೆ ಬಂದ ಮೇಲೆ ಅಜ್ಜನ ಅಪ್ಪ ಮತ್ತೆ ಮೊದಲಿಂದ ಮಾಡಿದ್ದು ಇದನ್ನೇ. ಅಲ್ಲೇ, ಬಾಳೆಯ ಬುಡದಲ್ಲಿ ನಿಂತು ಗಣಿತದ ವಿಷಯ ಹೇಳಿಬಿಟ್ಟೆ. ಅಜ್ಜ ಮರದಿಂದ ಕಣ್ಣು ತೆಗೆಯಲಿಲ್ಲ. “ಮತ್ತೆ ಬರೆಯೋಕೆ ಬಿಡ್ತಾರಲ್ಲ?” ಅಂದರು. ಹೂಂ ಅಂದೆ. “ಅಪ್ಪಂಗೆ ನೀನೇ ಹೇಳು” ಅಂದು ಮುಂದಿನ ಮರಕ್ಕೆ ಹೋದರು.

ಪದಕೋಶದಲ್ಲಿ ಕೊನೆಗೆ ‘ಕ್ರಮೇಣ ಬೆಳವಣಿಗೆ’ ಅಂತಲೇ ಹಾಕಿದೆವು. ಗ್ರಾಫಿಗೆ ಅದೇ ಸರಿ, ಗ್ರಾಫ್ ಬಿದ್ದು ಏಳುವುದಿಲ್ಲವಲ್ಲ. ‘ಏಳಿಗೆ’ಯನ್ನು ನಾನಿಟ್ಟುಕೊಂಡೆ.

ಬ್ಯಾಕ್‌ಲಾಗ್ ಪರೀಕ್ಷೆಯ ದಿನ ಬೆಳಗಿನ ಐದಕ್ಕೆ ಫೋನ್ ಬಂತು.

“ಎದ್ಯನಾ?”

“ಏಳ್ತಾ ಇದ್ದೀನಿ ಅಜ್ಜ.”