ಕಿರ್ರೆನ್ನುವ ಹಕ್ಕು

ಅಮೆರಿಕದ ಹೈಸ್ಕೂಲಿನಲ್ಲಿ ಕೋಣೆ ಮೇಷ್ಟ್ರದು, ಮಕ್ಕಳು ಬಂದುಹೋಗುವವರು. ಒಂಬತ್ತನೇ ‘ಎ’, ಒಂಬತ್ತನೇ ‘ಬಿ’ ಎಂಬ ಸೆಕ್ಷನ್ನುಗಳಲ್ಲಿ ವರ್ಷವಿಡೀ ಒಂದೇ ಬೆಂಚಿನಲ್ಲಿ ಕೂತು, ಒಬ್ಬ ಮೇಷ್ಟ್ರು ಹೋಗಿ ಇನ್ನೊಬ್ಬರು ಬರುವ ನಡುವಿನ ಗಲಾಟೆಯಲ್ಲಿ ಬೆಳೆದ ನಮ್ಮಂಥವರ ಕಣ್ಣಿಗೆ ಇದು ಹೊಸತು. ನ್ಯೂಜೆರ್ಸಿಯ ನಮ್ಮ ಊರಿನಲ್ಲಿ ಬೆಲ್ ಹೊಡೆದರೆ ಇಡೀ ಶಾಲೆಯೇ ಎದ್ದು ಕಾರಿಡಾರಿಗೆ ಬರುತ್ತದೆ. ಮುಂದಿನ ಬೆಲ್ಲಿಗೆ ಐದೇ ನಿಮಿಷ. ಅಷ್ಟರಲ್ಲಿ ಲಾಕರ್ ತೆಗೆಯಬೇಕು, ನೀರು ಕುಡಿಯಬೇಕು, ಬೇರೆ ದಿಕ್ಕಿಗೆ ಹೊರಟ ಗೆಳತಿಯ ಜೊತೆ ಎರಡು ಮಾತಾಡಬೇಕು, ಕಟ್ಟಡದ ಇನ್ನೊಂದು ತುದಿಯ ಕೋಣೆಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಸೆಕ್ಷನ್ ಎಂಬುದೇ ಇಲ್ಲವಾದ್ದರಿಂದ ಒಂದೊಂದು ಮಗುವಿಗೆ ಒಂದೊಂದು ಟೈಮ್‌ಟೇಬಲ್. ಒಂಬತ್ತನೇ ತರಗತಿಯ ಹುಡುಗಿ ಗಣಿತಕ್ಕೆ ತನಗಿಂತ ದೊಡ್ಡವರ ಜೊತೆ ಕೂರುತ್ತಾಳೆ, ಸ್ಪ್ಯಾನಿಷ್‌ಗೆ ತನ್ನ ಓರಗೆಯವರ ಜೊತೆ, ಬ್ಯಾಂಡಿನಲ್ಲಿ ಮೀಸೆ ಬಂದ ಹನ್ನೆರಡನೆಯವರ ಪಕ್ಕ.

ಸೆಪ್ಟೆಂಬರಿನ ಒಂದು ಸಂಜೆ ಹೆತ್ತವರಿಗೂ ಈ ನಡಿಗೆಯ ಭಾಗ್ಯವುಂಟು. ‘ಬ್ಯಾಕ್ ಟು ಸ್ಕೂಲ್ ನೈಟ್’ ಎನ್ನುತ್ತಾರೆ. ಮಗಳ ಟೈಮ್‌ಟೇಬಲ್ ಕೈಯಲ್ಲಿ ಹಿಡಿದು, ಅವಳು ಹಗಲು ತಿರುಗಿದ ದಾರಿಯಲ್ಲೇ ನಾವು ಸಂಜೆ ತಿರುಗುವುದು. ಒಂದು ಪೀರಿಯಡ್ಡಿಗೆ ಹತ್ತು ನಿಮಿಷ. ಶಾಲೆಯ ಬಗ್ಗೆ ಯಾವ ಕೈಪಿಡಿಯೂ ತಿಳಿಸದ್ದನ್ನು ಆ ಒಂದು ಸಂಜೆ ತಿಳಿಸುತ್ತದೆ. ಇಂಗ್ಲಿಷ್ ವಿಭಾಗದ ಕೋಣೆಯಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ನ ಪ್ರತಿಗಳು ಸಾಲಾಗಿ ನಿಂತಿರುತ್ತವೆ, ಹಿಂದಿನ ವರ್ಷಗಳ ಮಕ್ಕಳು ಪೆನ್ಸಿಲಿನಲ್ಲಿ ಗೀಚಿದ ಗುರುತುಗಳ ಸಮೇತ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಣ್ಣು ತೊಳೆಯುವ ನಲ್ಲಿ, ಅದರ ಮೇಲೆ ದೊಡ್ಡ ಅಕ್ಷರದ ಎಚ್ಚರಿಕೆ. ಸಮಾಜ ವಿಜ್ಞಾನದ ಗೋಡೆಯ ಮೇಲೆ ಸಂವಿಧಾನದ ತಿದ್ದುಪಡಿಗಳು. ಮಣ್ಣಿನ ಪಾತ್ರೆ ಮಾಡುವ ಕೋಣೆಯಲ್ಲಿ ತಿಗರಿಗಳು, ಮೂಲೆಯಲ್ಲಿ ಸುಡುವ ಗೂಡು, ಹಲಗೆಗಳ ಮೇಲೆ ಸೊಟ್ಟ ಬಟ್ಟಲುಗಳು, ಒಂದೊಂದರ ತಳದಲ್ಲೂ ಒಂದೊಂದು ಹೆಸರು. ಬ್ಯಾಂಡಿನ ಕೋಣೆ ಮಾತ್ರ ಎಲ್ಲರಿಂದ ದೂರ, ಕಟ್ಟಡದ ಕೊನೆಯಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ಹತ್ತು ನಿಮಿಷದಲ್ಲಿ ಎರಡು ಕಳೆದಿರುತ್ತದೆ.

ಒಂದೇ ಸೂರಿನಡಿ ಇಷ್ಟೆಲ್ಲ ಸೇರಿದ್ದು ತಾನಾಗಿ ಅಲ್ಲ. 1892ರಲ್ಲಿ ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಮುಂದಾಳುತನದಲ್ಲಿ ಹತ್ತು ಜನರ ಸಮಿತಿಯೊಂದು ಕೂತು, ಹೈಸ್ಕೂಲಿನಲ್ಲಿ ಏನನ್ನು ಕಲಿಸಬೇಕು ಎಂದು ವಿಚಾರ ಮಾಡಿತು. ಒಂಬತ್ತು ವಿಷಯಗುಂಪುಗಳಿಗೆ ಒಂಬತ್ತು ಉಪಸಭೆ ನೇಮಿಸಿತು: ಲ್ಯಾಟಿನ್, ಗ್ರೀಕ್, ಇಂಗ್ಲಿಷ್, ಗಣಿತ, ಇತಿಹಾಸ, ಭೂಗೋಳ ಹೀಗೆ. ಕಾಲೇಜಿಗೆ ಹೋಗುವವನಿಗೊಂದು ಪಾಠ, ಹೋಗದವನಿಗೊಂದು ಪಾಠ ಎಂಬ ಭೇದ ಬೇಡ, ಯಾವುದೇ ವಿಷಯವನ್ನು ಓದುವ ಎಲ್ಲರಿಗೂ ಅದನ್ನು ಒಂದೇ ರೀತಿ ಕಲಿಸಬೇಕು ಎಂದು ಹೇಳಿತು. ಆ ಮಾತಿನ ಬಗ್ಗೆ ನನಗೆ ಬಹಳ ಗೌರವ. ಆದರೆ ಒಂಬತ್ತರಲ್ಲಿ ಸಂಗೀತಕ್ಕೆ ಜಾಗವಿರಲಿಲ್ಲ, ಚಿತ್ರಕಲೆಗೆ ಇರಲಿಲ್ಲ, ಬಡಗಿ ಕೆಲಸಕ್ಕೂ ಇರಲಿಲ್ಲ. ಕೈಕಸುಬು, ಬೇಸಾಯ, ಮನೆವಾರ್ತೆಗಳನ್ನು ಕಲಿಸಲು ಕೇಂದ್ರ ಸರ್ಕಾರ ಹಣ ಕೊಟ್ಟದ್ದು 1917ರ ಕಾಯ್ದೆಯಿಂದ. 1957ರಲ್ಲಿ ರಷ್ಯನ್ನರ ಸ್ಪುಟ್ನಿಕ್ ಆಕಾಶಕ್ಕೆ ಹೋದಾಗ ಅಮೆರಿಕ ಬೆಚ್ಚಿತು. ಮರುವರ್ಷವೇ ಇನ್ನೊಂದು ಕಾಯ್ದೆ ಬಂದು ಗಣಿತ, ವಿಜ್ಞಾನ, ವಿದೇಶಿ ಭಾಷೆಗಳಿಗೆ ಹಣ ಹರಿಯಿತು. 1975ರ ಕಾನೂನು ಅಂಗವಿಕಲ ಮಕ್ಕಳನ್ನೂ ಒಳಗೆ ಕರೆಯಿತು. ಈ ದೇಶ ಯಾವಾಗ ಯಾವುದಕ್ಕೆ ಹೆದರಿತು, ಯಾವಾಗ ಯಾರನ್ನು ನೆನೆಸಿಕೊಂಡಿತು ಎಂಬುದೆಲ್ಲ ಈ ಕಾರಿಡಾರಿನ ಬಾಗಿಲುಗಳಲ್ಲಿದೆ.

ಇವೆಲ್ಲವನ್ನೂ ಒಂದೇ ಲೆಕ್ಕಕ್ಕೆ ತಂದದ್ದು ಪಿಂಚಣಿ. ಕಾಲೇಜು ಪ್ರೊಫೆಸರುಗಳ ಇಳಿವಯಸ್ಸಿಗೆಂದು ಆಂಡ್ರ್ಯೂ ಕಾರ್ನೆಗಿ ದುಡ್ಡು ಕೊಟ್ಟರು. ಆ ಪಿಂಚಣಿ ಬೇಕಾದ ಕಾಲೇಜು, ತನ್ನಲ್ಲಿಗೆ ಬರುವ ಮಕ್ಕಳು ಹೈಸ್ಕೂಲಿನಲ್ಲಿ ಇಂತಿಷ್ಟು ಓದಿರಬೇಕೆಂದು ನಿಯಮ ಇಡಬೇಕಾಯಿತು. ಆ ‘ಇಂತಿಷ್ಟು’ ಅಳೆಯಲು 1906ರ ಹೊತ್ತಿಗೆ ಒಂದು ಮಾನ ಹುಟ್ಟಿತು: ಒಂದು ವಿಷಯವನ್ನು ವರ್ಷದಲ್ಲಿ 120 ಗಂಟೆ ಕಲಿತರೆ ಒಂದು ಯೂನಿಟ್. ಗಂಟೆ ಎಣಿಸಿದರೆ ಕಲಿಕೆ ಅಳೆದಂತಾಗುತ್ತದೆಯೇ ಎಂದು ಪಂಡಿತರು ಅಂದಿನಿಂದ ತಕರಾರು ತೆಗೆಯುತ್ತಲೇ ಇದ್ದಾರೆ, ತಕರಾರು ನ್ಯಾಯವಾದದ್ದೇ. ಆದರೂ ನನಗೆ ಆ ಲೆಕ್ಕದಲ್ಲಿ ಒಂದು ದೊಡ್ಡತನ ಕಾಣುತ್ತದೆ. ತಿಗರಿಯ ಮುಂದೆ ಕೂತ ವರ್ಷಕ್ಕೂ ಫಿಸಿಕ್ಸ್ ಓದಿದ ವರ್ಷಕ್ಕೂ ಶಾಲೆ ಕೊಡುವುದು ಅಷ್ಟೇ ಕ್ರೆಡಿಟ್. ಮಣ್ಣು ಮುಟ್ಟಿದ ಗಂಟೆ, ಸಮೀಕರಣ ಬಿಡಿಸಿದ ಗಂಟೆ ಎರಡೂ ಒಂದೇ ತೂಕ. ಡ್ರಾಯಿಂಗ್ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕೇಳಿ ಪಡೆದುಕೊಳ್ಳುತ್ತಿದ್ದ ಶಾಲೆಯಿಂದ ಬಂದವನಿಗೆ ಇದು ಸಣ್ಣ ಸಂಗತಿಯಲ್ಲ.

ಆ ಸಮತೂಕವನ್ನು ಕೆಡಿಸಿರುವುದು ಸರಾಸರಿ ಅಂಕದ ಪದ್ಧತಿ. ಅನೇಕ ಶಾಲೆಗಳಲ್ಲಿ ಸಾಮಾನ್ಯ ತರಗತಿಯ ‘ಎ’ಗೆ 4 ಅಂಕ, ಎಪಿ ತರಗತಿಯ ‘ಎ’ಗೆ 5. ಎಪಿ ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ. 1950ರ ದಶಕದಲ್ಲಿ ಶುರುವಾದದ್ದು. ಮೇ ತಿಂಗಳಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಕಷ್ಟದ ಪಾಠಕ್ಕೆ ಹೆಚ್ಚು ಅಂಕ ಕೊಡುವುದು ಮೇಲುನೋಟಕ್ಕೆ ಸರಿ. ಲೆಕ್ಕ ಹಾಕಿ ನೋಡಿ. ಐದು ಎಪಿ ತೆಗೆದುಕೊಂಡು ಎಲ್ಲದರಲ್ಲೂ ‘ಎ’ ಪಡೆದವಳ ಸರಾಸರಿ 5. ಜೊತೆಗೆ ಬ್ಯಾಂಡಿಗೂ ಸೇರಿ ಅದರಲ್ಲೂ ‘ಎ’ ಪಡೆದರೆ 4.83. ಆ ಪೀರಿಯಡ್ಡಿನಲ್ಲಿ ಸುಮ್ಮನೆ ಕೂತಿದ್ದರೆ ಲಾಭ, ಕ್ಲಾರಿನೆಟ್ ಚೆನ್ನಾಗಿ ನುಡಿಸಿದರೆ ನಷ್ಟ.

ನಮ್ಮ ಬೀದಿಯ ಕನ್ನಡದ ಮನೆಯೊಂದರಲ್ಲಿ ಕಳೆದ ಫೆಬ್ರವರಿಯಲ್ಲಿ, ಮುಂದಿನ ವರ್ಷದ ವಿಷಯಗಳನ್ನು ಆರಿಸುವ ಹೊತ್ತಿಗೆ, ಇದೇ ಮಾತು ಎದ್ದಿತು. “ಬ್ಯಾಂಡ್ ಬಿಟ್ಟರೆ ನನಗೆ ಶಾಲೆಗೆ ಹೋಗೋಕೆ ಏನೂ ಉಳಿಯಲ್ಲ ಅಂಕಲ್” ಎಂದಳು ಹುಡುಗಿ. ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. “ನಾನು ಸಿಇಟೀಲಿ ಒಂದೊಂದು ಮಾರ್ಕಿಗೆ ನೂರಾರು ರ‍್ಯಾಂಕ್ ಕೆಳಗಿಳಿದೋನು ಕಣ್ರೀ. ಗೊತ್ತಿದ್ದೂ ಗೊತ್ತಿದ್ದೂ ಇವಳ ಪಾಯಿಂಟ್ ಹೇಗೆ ಕಳೀಲಿ?” ಈ ಮಾತನ್ನು ನಾನು ಹಗುರ ಮಾಡಲಾರೆ. ಒಂದು ಪರೀಕ್ಷೆಯ ಸಂದಿಯಲ್ಲಿ ತೂರಿಕೊಂಡು ಬಂದು ಈ ದೇಶ ಸೇರಿದ ತಲೆಮಾರು ನಮ್ಮದು. ಬಾಗಿಲು ಕಿರಿದು ಎಂಬುದು ನಮಗೆ ಅನುಭವದಿಂದ ಗೊತ್ತು. ಶಾಲೆ ನೋಡಿಯೇ ಮನೆ ಕೊಂಡವರು ನಾವು. ಆ ಮನೆಯ ತೆರಿಗೆಯಿಂದಲೇ ಈ ಶಾಲೆ ನಡೆಯುವುದು.

ನಮ್ಮ ಊರಿಗೆ ಹತ್ತಿರದ ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೋ ಶಾಲಾ ಜಿಲ್ಲೆಯಲ್ಲಿ 2015ರಲ್ಲಿ ಇದೇ ವಿಷಯ ಬಹಿರಂಗ ವಾದವಾಯಿತು. ಅಲ್ಲಿ ಭಾರತೀಯ, ಚೀನೀ ಮನೆತನಗಳ ಮಕ್ಕಳು ಬಹಳ. ಮಕ್ಕಳು ಒತ್ತಡದಲ್ಲಿ ನಲುಗುತ್ತಿದ್ದಾರೆ ಎಂದು ಸೂಪರಿಂಟೆಂಡೆಂಟ್ ಡೇವಿಡ್ ಆಡರ್‌ಹೋಲ್ಡ್ ಹೆತ್ತವರಿಗೆ ಹದಿನಾರು ಪುಟದ ಪತ್ರ ಬರೆದರು. ಹೈಸ್ಕೂಲಿನ ಮಧ್ಯಾವಧಿ ಪರೀಕ್ಷೆ, ಕೊನೆಯ ಪರೀಕ್ಷೆಗಳನ್ನು ತೆಗೆದುಹಾಕಿದರು. ಹೋಮ್‌ವರ್ಕ್ ಇಲ್ಲದ ರಾತ್ರಿಗಳನ್ನು ಗೊತ್ತುಮಾಡಿದರು. ಹೆತ್ತವರು ಎರಡು ಪಾಳಯವಾದರು. ಶಾಲೆಯ ಮಟ್ಟ ಇಳಿಯುತ್ತಿದೆ ಎಂದು ದೂರಿದವರಲ್ಲಿ ಏಷ್ಯಾದಿಂದ ಬಂದವರೇ ಹೆಚ್ಚು. ಆ ಗದ್ದಲದಲ್ಲಿ ಹಿಂದೆ ಸರಿದುಹೋದ ಒಂದು ಸಣ್ಣ ಯೋಜನೆ ನನ್ನ ಮನಸ್ಸಿನಲ್ಲಿ ಕೂತಿದೆ. ಚೆನ್ನಾಗಿ ನುಡಿಸಲು ಬಾರದ ಮಕ್ಕಳಿಗೂ ವಾದ್ಯಸಂಗೀತಕ್ಕೆ ಸೇರುವ ದಾರಿಯನ್ನು ಸುಲಭ ಮಾಡಿ, ಅದಕ್ಕೆ ‘ಕಿರ್ರೆನ್ನುವ ಹಕ್ಕು’ ಎಂಬರ್ಥದ ಹೆಸರಿಟ್ಟಿದ್ದರು.

ಅಪಸ್ವರ ನುಡಿಸಲು ಹದಿನಾಲ್ಕು ವರ್ಷದ ಮಗುವಿಗೆ ಹಕ್ಕಿದೆ ಎಂದು ಒಂದು ಶಾಲೆ ಹೇಳುವುದು ದೊಡ್ಡ ಮಾತು. ಗಣಿತದಲ್ಲಿ ತಪ್ಪಾದರೆ ಅಂಕ ಹೋಗುತ್ತದೆ, ಇಂಗ್ಲಿಷಿನಲ್ಲಿ ತಪ್ಪಾದರೆ ಅಂಚಿನಲ್ಲಿ ಕೆಂಪು ಗೆರೆ ಬೀಳುತ್ತದೆ. ಬ್ಯಾಂಡಿನಲ್ಲಿ ಒಬ್ಬ ತಪ್ಪಿದರೆ ಪಕ್ಕದವಳು ಸರಿಯಾಗಿ ನುಡಿಸಿ ತೋರಿಸುತ್ತಾಳೆ, ಅರವತ್ತು ಮಂದಿ ಮೊದಲಿನಿಂದ ಶುರುಮಾಡುತ್ತಾರೆ. ದಿನವಿಡೀ ಒಂಟಿಯಾಗಿ ಕೋಣೆಯಿಂದ ಕೋಣೆಗೆ ನಡೆಯುವ ಮಗು ಅದೇ ಮುಖಗಳನ್ನು ನಾಲ್ಕು ವರ್ಷ ಸತತವಾಗಿ ನೋಡುವುದು ಅಲ್ಲೊಂದೇ ಕಡೆ. ಗಣಿತದ ಮೇಷ್ಟ್ರು ವರ್ಷಕ್ಕೊಬ್ಬರು. ಬ್ಯಾಂಡಿನ ಮೇಷ್ಟ್ರು ಒಂಬತ್ತನೆಯಿಂದ ಹನ್ನೆರಡನೆಯವರೆಗೆ ಅವರೇ. ಮಗು ಊಟ ಬಿಟ್ಟದ್ದು, ಮಂಕಾದದ್ದು ಅವರ ಕಣ್ಣಿಗೆ ಮೊದಲು ಬೀಳುತ್ತದೆ.

ಕೆಲವು ಕಡೆ ಬ್ಯಾಂಡಿನಲ್ಲೂ ‘ಆನರ್ಸ್’ ಎಂದು ಮಾಡಿ, ಹೆಚ್ಚುವರಿ ಬರವಣಿಗೆ ಕೊಟ್ಟು ಅಂಕ ಏರಿಸುತ್ತಾರೆ. ಅದು ನನಗೆ ಹಿಡಿಸದು. ಪೀಪಿ ಊದುವ ಮಗುವಿಗೂ ಮತ್ತೊಂದು ಹೋಮ್‌ವರ್ಕ್ ಅಷ್ಟೇ. ಅನೇಕ ವಿಶ್ವವಿದ್ಯಾಲಯಗಳು ಶಾಲೆ ಕೊಟ್ಟ ಸರಾಸರಿಯನ್ನು ಬದಿಗಿಟ್ಟು ತಮ್ಮದೇ ರೀತಿಯಲ್ಲಿ ಲೆಕ್ಕ ಹಾಕಿಕೊಳ್ಳುತ್ತವೆ. ಹಾಗಿದ್ದ ಮೇಲೆ ಕಲೆ, ಸಂಗೀತಗಳ ಕ್ರೆಡಿಟ್ಟನ್ನು ಇಟ್ಟುಕೊಂಡು, ಸರಾಸರಿಯ ಲೆಕ್ಕದಿಂದ ಮಾತ್ರ ಅವನ್ನು ಹೊರಗಿಡಲು ಅಡ್ಡಿಯೇನು? ಊರವರೇ ಓಟು ಹಾಕಿ ಆರಿಸಿದ ಶಾಲಾ ಮಂಡಳಿ ಇಲ್ಲಿ ಬಹಿರಂಗ ಸಭೆ ನಡೆಸುತ್ತದೆ, ಯಾರು ಬೇಕಾದರೂ ಎದ್ದುನಿಂತು ಕೆಲವು ನಿಮಿಷ ಮಾತಾಡಬಹುದು. ಬರುವ ಸಭೆಯಲ್ಲಿ ಈ ಪ್ರಶ್ನೆ ಕೇಳಲು ನಾನು ಹೆಸರು ಕೊಟ್ಟಿದ್ದೇನೆ. 5 ಮತ್ತು 4.83ರ ಲೆಕ್ಕವನ್ನು ಕಾಗದದಲ್ಲಿ ಬರೆದುಕೊಟ್ಟದ್ದು ಆ ಹುಡುಗಿಯ ಅಪ್ಪನೇ.