ಮುಖಪುಟದಲ್ಲಿಲ್ಲದ ಹೆಸರು

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ನನಗೆ ಮೊದಲು ನೆನಪಾದುದು ಬಾಲ್ಯದಲ್ಲಿ ಪ್ರಬಂಧಕ್ಕಾಗಿ ಬಹುಮಾನ ಬಂದ ನೀಲಿ ರಟ್ಟಿನ ಒಂದು ಪುಸ್ತಕ. ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳನ್ನು ಚಾರ್ಲ್ಸ್ ಲ್ಯಾಂಬ್ ಮತ್ತು ಮೇರಿ ಲ್ಯಾಂಬ್ ಎಂಬುವರು ಎಳೆಯರಿಗಾಗಿ ಕಥೆಗಳಾಗಿ ಬರೆದ ಗ್ರಂಥವದು. ನಮ್ಮಲ್ಲಿ ಎಷ್ಟೋ ಮಂದಿ ಆ ಮಹಾಕವಿಯ ಮನೆಯನ್ನು ಪ್ರವೇಶಿಸಿದುದು ಇದೇ ಹಿತ್ತಿಲ ಬಾಗಿಲಿನಿಂದ. ಆ ದಿನಗಳಲ್ಲಿ ನಾನು ಕಥೆಗಳನ್ನು ಓದಿದೆನೇ ಹೊರತು ಕಥೆ ಹೇಳಿದವರನ್ನು ಕುರಿತು ಯೋಚಿಸಲಿಲ್ಲ. ಅವರ ಜೀವನವನ್ನು ತಿಳಿದುದು ಬಹುಕಾಲದ ಮೇಲೆ.

ಅವರು ಅಕ್ಕ ಮತ್ತು ತಮ್ಮ. ಮೇರಿ ಹುಟ್ಟಿದುದು 1764ರಲ್ಲಿ, ಚಾರ್ಲ್ಸ್ 1775ರಲ್ಲಿ. ತಮ್ಮನಿಗೆ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಪ್ರಸಿದ್ಧ ವಿದ್ಯಾಶಾಲೆಯಲ್ಲಿ ಕಲಿಯುವ ಭಾಗ್ಯ ದೊರೆಯಿತು. ಅಕ್ಕನಿಗೆ ಸಿಕ್ಕಿದುದು ಅಲ್ಪಸ್ವಲ್ಪ ಪಾಠ. ಆಮೇಲೆ ಕೈಗೆ ಬಂದುದು ಹೊಲಿಗೆಯ ಸೂಜಿ. ತಂದೆ ಸೇವೆಯಲ್ಲಿದ್ದ ವಕೀಲರ ಪುಸ್ತಕಗಳೇ ಆಕೆಯ ನಿಜವಾದ ಪಾಠಶಾಲೆ. ಹಗಲಿರುಳು ದುಡಿದು ಬಳಲಿದ ಆಕೆಗೆ 1796ರಲ್ಲಿ ಬುದ್ಧಿಭ್ರಮಣೆಯಾಗಿ, ಆಕೆಯ ಕೈಯಿಂದಲೇ ತಾಯಿಯ ಪ್ರಾಣ ಹೋಯಿತು. ಆಗ ಚಾರ್ಲ್ಸನಿಗೆ 21 ವರ್ಷ. ಅಕ್ಕನನ್ನು ಬದುಕಿರುವವರೆಗೂ ತಾನೇ ನೋಡಿಕೊಳ್ಳುವೆನೆಂದು ಅವನು ಹೊಣೆ ಹೊತ್ತನು, ಮದುವೆಯಾಗಲಿಲ್ಲ. ಹಗಲೆಲ್ಲ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಯಲ್ಲಿ ಲೆಕ್ಕ ಬರೆದು, ಸಂಜೆ ಅಕ್ಕನೊಡನೆ ಪುಸ್ತಕ ಹಿಡಿದು ಕೂರುವನು. ನಮ್ಮ ದೇಶದ ಸರಕಿನಿಂದ ಲಾಭ ಎಣಿಸಿದ ಕಚೇರಿಯ ಸಂಬಳವೇ ಆ ಮನೆಯ ದೀಪದ ಎಣ್ಣೆಯಾಯಿತೆಂಬುದನ್ನೂ ಮರೆಯಲಾಗದು.

ಆ ಗ್ರಂಥವು 1807ರಲ್ಲಿ ಪ್ರಕಟವಾಯಿತು. ಅದರ 20 ಕಥೆಗಳಲ್ಲಿ 14 ಮೇರಿಯವು. ಚಾರ್ಲ್ಸನವು ಆರು ದುರಂತಕಥೆಗಳು ಮಾತ್ರ. ಒಂದೇ ಮೇಜಿನ ಮುಂದೆ ಕುಳಿತು ಇಬ್ಬರೂ ಬರೆದರು. ಆದರೆ ಮೊದಲ ಮುದ್ರಣದ ಮುಖಪುಟದಲ್ಲಿದ್ದುದು ತಮ್ಮನ ಹೆಸರೊಂದೇ. ಗಂಡುಮಕ್ಕಳಿಗೆ ತಂದೆಯ ಪುಸ್ತಕಗಳು ಬೇಗನೆ ಕೈಗೆಟುಕುವುವೆಂದೂ, ಆದುದರಿಂದ ಈ ಕಥೆಗಳು ಮುಖ್ಯವಾಗಿ ಹೆಣ್ಣುಮಕ್ಕಳಿಗಾಗಿ ಎಂದೂ ಮುನ್ನುಡಿಯಲ್ಲಿ ಹೇಳಿದೆ. ಹೆಣ್ಣುಮಕ್ಕಳಿಗಾಗಿ ಬರೆದ ಪುಸ್ತಕದಲ್ಲೇ ಬರೆದ ಹೆಣ್ಣಿನ ಹೆಸರಿಲ್ಲ! ಮೇರಿ ತೀರಿಕೊಂಡ 1847ರಲ್ಲಿಯೇ ಷಾರ್ಲಟ್ ಬ್ರಾಂಟೆ ತನ್ನ ‘ಜೇನ್ ಏರ್’ ಕಾದಂಬರಿಯನ್ನು ಕರರ್ ಬೆಲ್ ಎಂಬ ಮರೆಹೆಸರಿನಲ್ಲಿ ಪ್ರಕಟಿಸಬೇಕಾಯಿತು. ಇಂಗ್ಲಿಷರ ಸಾಹಿತ್ಯಸಂಪತ್ತನ್ನು ಕೊಂಡಾಡುವಾಗ, ಅದನ್ನು ಕೂಡಿಹಾಕಿದ ಕೈಗಳಲ್ಲಿ ಕೆಲವು ಹೀಗೆ ಸೆರಗಿನ ಮರೆಯಲ್ಲಿದ್ದುವೆಂಬುದನ್ನೂ ನೆನೆಯಬೇಕು.

ಆದರೆ ಪರರ ನಾಡಿನ ತಪ್ಪನ್ನು ಎತ್ತಿ ಆಡುವ ಅಧಿಕಾರ ನನಗೆಷ್ಟು? ತಾಯಿಗೆ ಕಾಯಿಲೆಯಾದಾಗ ನನ್ನ ಅಕ್ಕನು ಏಳನೆಯ ತರಗತಿಗೇ ಶಾಲೆ ಬಿಟ್ಟಳು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಲೇ ನನ್ನ ಪಾಠ ಒಪ್ಪಿಸಿಕೊಳ್ಳುವಳು. ತಿಳಿಯದ ಇಂಗ್ಲಿಷ್ ಮಾತುಗಳನ್ನು ಹಳೆಯ ನಿಘಂಟಿನಲ್ಲಿ ಹುಡುಕಿ ಅರ್ಥ ಹೇಳುವಳು. ಬಹುಮಾನ ತಂದುಕೊಟ್ಟ ಪ್ರಬಂಧವನ್ನು ಆಕೆ ಮೂರು ಸಲ ತಿದ್ದಿಸಿದ್ದಳು. ಬಹುಮಾನದ ದಿನ ಉಪಾಧ್ಯಾಯಿನಿಯವರು, “ಮನೆಯಲ್ಲಿ ನಿನಗೆ ಯಾರು ಹೇಳಿಕೊಡುತ್ತಾರೆ, ಮಗು?” ಎಂದು ಕೇಳಿದರು. ನಾನು, “ಯಾರೂ ಇಲ್ಲಮ್ಮ, ನಾನೇ ಓದಿಕೊಳ್ಳುತ್ತೇನೆ” ಎಂದೆನು. ಅಕ್ಕ ನನ್ನ ಹಿಂದೆಯೇ ನಿಂತಿದ್ದಳು. ಆಕೆ ಏನೂ ಅನ್ನಲಿಲ್ಲ. ದಾರಿಯುದ್ದಕ್ಕೂ ಪುಸ್ತಕವನ್ನು ತಾನೇ ಎದೆಗವಚಿಕೊಂಡು ಬಂದಳು.

ಮೇರಿಯ ವೃತ್ತಾಂತವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಚಾರ್ಲ್ಸನು ಅಕ್ಕನಿಗಾಗಿ ತನ್ನ ಬಾಳನ್ನೇ ತೆತ್ತವನು. ನಾನು ಒಂದು ಮಾತನ್ನೂ ಕೊಡಲಿಲ್ಲ. ಮರುದಿನ ಆ ಪುಸ್ತಕವನ್ನು ಕೊಂಡು ಅಕ್ಕನ ಊರಿಗೆ ಹೋದೆನು. ಬಹುಮಾನದ ಚೀಟಿಯಲ್ಲಿ ನನ್ನ ಹೆಸರಿನ ಮೇಲೆ ಆಕೆಯ ಹೆಸರನ್ನು ಬರೆದು, ಅಂದಿನ ಮಾತಿಗೆ ಕ್ಷಮೆ ಬೇಡಿದೆನು. ಕಣ್ಣು ಮಂದವಾಗಿದ್ದ ಅಕ್ಕ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಪುಸ್ತಕದ ಮೇಲೆ ಗೀಚಬಾರದೆಂದು ನಿಮ್ಮ ಶಾಲೆಯಲ್ಲಿ ಕಲಿಸಲಿಲ್ಲವೇನೇ?” ಎಂದು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ, “ಒಂದು ಕಥೆ ಓದು, ಕೇಳುತ್ತೇನೆ” ಎಂದಳು.

ಸೋದರಿಯರೇ, ನಿಮ್ಮ ಪುಸ್ತಕಗಳ ಮೇಲೆಯೂ ಬರೆಯದೆ ಉಳಿದ ಹೆಸರುಗಳಿರಬಹುದು. ಅವರು ಕೇಳಿಸಿಕೊಳ್ಳಬಲ್ಲ ಕಾಲದಲ್ಲಿಯೇ ಆ ಹೆಸರುಗಳನ್ನು ಬಾಯಿಬಿಟ್ಟು ಹೇಳಿರಿ.